ಪಿಕಳಾರಕ್ಕೆ ಖಾರವಿಲ್ಲ

ದೀಪಾವಳಿ ಕಳೆದು ಹತ್ತು ಹನ್ನೆರಡು ದಿನ ಆಗಿರಬೇಕು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬಾವಿಕಟ್ಟೆಯ ಆಚೆ ಹಾಕಿದ್ದ ಅಲಸಂಡೆ ಸಾಲಿನ ನಡುವೆ ಹೆಣ್ಣು ನವಿಲೊಂದು ನಾಲ್ಕು ಮರಿಗಳನ್ನು ಕಟ್ಟಿಕೊಂಡು ನಿಂತಿತ್ತು. ನನ್ನನ್ನು ಕಂಡು ಓಡಲಿಲ್ಲ. ಕತ್ತು ಎತ್ತಿ ಒಮ್ಮೆ ನೋಡಿತು, ಮತ್ತೆ ಬಗ್ಗಿತು, ಎರಡೆಲೆ ಬಿಟ್ಟು ಮೂರನೆಯದನ್ನು ಬಿಚ್ಚುತ್ತಿದ್ದ ಗಿಡದ ಕುಡಿಯನ್ನು ಕತ್ತರಿ ಆಡಿಸಿದ ಹಾಗೆ ಚಿವುಟಿತು. ಮರಿಗಳು ಅಮ್ಮನನ್ನು ನೋಡಿ ನೋಡಿ ಹಾಗೆಯೇ ಮಾಡುತ್ತಿದ್ದವು. ಹಿಂದಿನ ಸಂಜೆಯಷ್ಟೇ ಅದೇ ಸಾಲಿಗೆ ನಾನು ಬೆಳ್ಳುಳ್ಳಿ, ಒಣಮೆಣಸು, ಇಂಗು ಹಾಕಿ ಕುದಿಸಿ ಸೋಸಿದ ನೀರನ್ನು ಒಂದೆಲೆಯನ್ನೂ ಬಿಡದೆ ಸಿಂಪಡಿಸಿದ್ದೆ. ಸಾಬೂನು ಹಾಕಿ ಮೂರು ಸಲ ತೊಳೆದರೂ ಬೆರಳಿನಿಂದ ಆ ನಾತ ಹೋಗಿರಲಿಲ್ಲ. ನವಿಲು ನಿಂತ ಜಾಗಕ್ಕೆ ಹೋದರೆ ನಾನೇ ಮೂಗು ಮುಚ್ಚಿಕೊಳ್ಳಬೇಕಾಗಿತ್ತು.

ಒಳಗೆ ಅಮ್ಮ ಕೆಮ್ಮುತ್ತಿದ್ದಳು. ಕಷಾಯ ಕುದಿಸಿದ್ದು ಅಡುಗೆಮನೆಯಲ್ಲಿ. ಮೆಣಸಿನ ಘಾಟು ಚಾವಡಿ ದಾಟಿ ಅವಳ ಕೋಣೆಯವರೆಗೂ ಹೋಗಿತ್ತು. ಎಪ್ಪತ್ತೆಂಟು ವರ್ಷ, ಮೊದಲೇ ಉಬ್ಬಸ. ರಾತ್ರಿ ಎರಡು ಸಲ ಎದ್ದು ಇನ್‌ಹೇಲರ್ ಕೊಟ್ಟಿದ್ದೆ. "ನವಿಲು ಹೋಯ್ತಾ?" ಎಂದು ಮಲಗಿದಲ್ಲಿಂದಲೇ ಕೇಳಿದಳು. ಇಲ್ಲ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ. ಹಕ್ಕಿಗೆ ತಾಗಲಿ ಎಂದು ಮಾಡಿದ್ದು ಅಮ್ಮನಿಗೆ ತಾಗಿತು, ಹಕ್ಕಿಗೆ ತಾಗಲೇ ಇಲ್ಲ. ಯಾಕೆ ಹೀಗೆ ಎಂಬ ಪ್ರಶ್ನೆ ಅವತ್ತು ತಲೆಗೆ ಹೊಕ್ಕದ್ದು ಇನ್ನೂ ಹೋಗಿಲ್ಲ. ಓದಿದ್ದು, ಕೇಳಿದ್ದು, ಹಿತ್ತಿಲಲ್ಲಿ ಕೂತು ನೋಡಿದ್ದು ಎಲ್ಲವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆಯೇ ಮೆಣಸಿನ ನೀರು ಕುದಿಸಲು ಹೊರಟವರಿಗೆ ಅಷ್ಟಾದರೂ ಉಪಯೋಗವಾದೀತು.

ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿಯಿಂದ ಶಂಕರಪುರದ ಕಡೆ ಹೋಗುವ ದಾರಿಯಲ್ಲಿ. ಸುತ್ತಲಿನ ಗದ್ದೆಗಳಲ್ಲಿ ಅರ್ಧಕ್ಕರ್ಧ ಹಡಿಲು ಬಿದ್ದಿವೆ, ಪೊದೆ ಎದ್ದಿದೆ. ನಾನು ಸಣ್ಣವಳಿರುವಾಗ ಇಲ್ಲಿ ನವಿಲು ಕಂಡ ನೆನಪೇ ಇಲ್ಲ, ಈಗ ದಿನಕ್ಕೆ ಎರಡು ಹೊತ್ತು ಕೂಗು ಕೇಳುತ್ತದೆ. 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಜೀವ, ಅದಕ್ಕಿಂತ ಹೆಚ್ಚಾಗಿ ನಮ್ಮೂರಿನವರಿಗೆ ಸುಬ್ರಹ್ಮಣ್ಯ ದೇವರ ವಾಹನ. ಕಲ್ಲು ಎತ್ತುವ ಮಾತೇ ಇಲ್ಲ. ನವಿಲೊಂದೇ ಅಲ್ಲ. ಹರಿವೆ ಎಲೆ ಹರಿಯುವ ಪಿಕಳಾರ, ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳ ಎತ್ತುವ ಕಾಗೆ, ಹೊಸದಾಗಿ ಬಿತ್ತಿದ ಮಣ್ಣನ್ನು ಕೆದರುವ ಪಕ್ಕದ ಮನೆಯ ಕೋಳಿ, ಎಲ್ಲಕ್ಕೂ ನಮ್ಮ ಹತ್ತು ಸೆಂಟ್ಸ್ ಹಿತ್ತಿಲೇ ಬೇಕು. ಕೊಲ್ಲಬಾರದು, ನೋಯಿಸಬಾರದು, ವಿಷ ಹಾಕಬಾರದು. ಹಾಗಾದರೆ ವಾಸನೆಯಿಂದ ದೂರ ಇಡೋಣ ಎಂದು ಮನಸ್ಸು ಹೋಗುವುದು ಸಹಜ. ಕೇಳಲಿಕ್ಕೂ ಅದು ಎಷ್ಟು ಸೌಮ್ಯವಾಗಿದೆ! ಒಂದಿಷ್ಟು ಪರಿಮಳ, ಇಲ್ಲವೇ ಒಂದಿಷ್ಟು ದುರ್ವಾಸನೆ, ಹಕ್ಕಿ ತಾನಾಗಿ ಬೇರೆ ಕಡೆ ಹೋಗುತ್ತದೆ, ಯಾರಿಗೂ ತೊಂದರೆ ಇಲ್ಲ.

ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಬೇವಿನೆಣ್ಣೆ ಹೊಡೆ ಅಂದರು ಒಬ್ಬರು. ಪುದೀನ ನೆಡು, ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿ ಕಟ್ಟು ಅಂದರು ಇನ್ನೊಬ್ಬರು. ಕೊಳೆತ ಮೊಟ್ಟೆಯ ನೀರು ಹಂದಿಗೆ ಆಗ್ತದೆ, ಹಕ್ಕಿಗೂ ಆಗಬಹುದು ಅಂದರು ಭಾವ. "ಗಿಡಮೂಲಿಕೆಯ ಸುವಾಸನೆಯಿಂದ ಹಕ್ಕಿಗಳನ್ನು ದೂರವಿಡುತ್ತದೆ" ಎಂದು ಬರೆದಿದ್ದ ಬಾಟಲಿಯೊಂದನ್ನು ತರಿಸಿದೆ. ಸಿಂಪಡಿಸಿದರೆ ಹಿತ್ತಿಲೆಲ್ಲ ಅಮೃತಾಂಜನ ಹಚ್ಚಿದ ಹಾಗೆ ಘಮಘಮ. ಮರುದಿನ ಪಿಕಳಾರ ಅದೇ ಹರಿವೆಯ ಮೇಲೆ ಕೂತು ಅದೇ ಎಲೆ ಹರಿಯುತ್ತಿತ್ತು. ಈ ಸಲಹೆಗಳಲ್ಲೆಲ್ಲ ಒಂದು ಸಮಾನ ಅಂಶ ಇದ್ದದ್ದು ನನಗೆ ತಡವಾಗಿ ಹೊಳೆಯಿತು. ಎಲ್ಲವೂ ನಮ್ಮ ಮೂಗಿಗೆ ಜೋರಾಗಿ ಹೊಡೆಯುವ ವಾಸನೆಗಳು. ಬೇವನ್ನೇ ತೆಗೆದುಕೊಳ್ಳಿ. ಕೋಲ್ಕತ್ತದಲ್ಲಿ ಗುಬ್ಬಚ್ಚಿಗಳು ಬೇವಿನ ಎಲೆಯನ್ನು ತಾವಾಗಿಯೇ ಹುಡುಕಿ ತಂದು ಗೂಡಿನಲ್ಲಿ ಇಡುವುದನ್ನು ಗಮನಿಸಿ 1981ರಲ್ಲೇ ಸಂಶೋಧಕರೊಬ್ಬರು ಬರೆದಿದ್ದಾರೆ. ನಮ್ಮ ನಾಲಿಗೆಗೆ ಕಹಿ, ನಮ್ಮ ಮೂಗಿಗೆ ಕಮಟು; ಗುಬ್ಬಚ್ಚಿಗೆ ಮಾತ್ರ ಅದು ಮರಿಗಳ ಹಾಸಿಗೆಗೆ ಬೇಕಾದ ಸೊಪ್ಪು.

ನುಸಿಗುಳಿಗೆಯ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಟ್ಟೆಯ ಗಂಟಿನಲ್ಲಿ ನುಸಿಗುಳಿಗೆ ಕಟ್ಟಿ ಗಿಡಕ್ಕೆ ನೇತುಹಾಕುವವರು ನಮ್ಮ ಬೀದಿಯಲ್ಲೇ ಇದ್ದಾರೆ. 1988ರಲ್ಲಿ ಅಮೆರಿಕದಲ್ಲಿ ಸ್ಟಾರ್ಲಿಂಗ್ ಎಂಬ, ನಮ್ಮ ಗೊರವಂಕದ ಬಳಗದ ಹಕ್ಕಿಯ ಮೇಲೆ ಅದನ್ನು ಪರೀಕ್ಷಿಸಿ, ಹಕ್ಕಿ ಓಡಿಸಲು ಅದರಿಂದ ಏನೂ ಪ್ರಯೋಜನವಿಲ್ಲ ಎಂದು ಪ್ರಕಟಿಸಿದ್ದಾರೆ. ಹಕ್ಕಿಗೆ ಏನೂ ಆಗುವುದಿಲ್ಲ, ಆದರೆ ಮಿಠಾಯಿ ಎಂದು ಬಾಯಿಗೆ ಹಾಕಿಕೊಂಡ ಮಗುವಿನ ರಕ್ತಕಣಗಳನ್ನು ಅದು ಒಡೆಯಬಹುದು. ದಯವಿಟ್ಟು ಗಿಡಕ್ಕೆ ಕಟ್ಟಬೇಡಿ.

ಖಾಲಿ ಬುಟ್ಟಿ

ಒಣಮೀನಿನ ಸಲಹೆ ಕೊಟ್ಟದ್ದು ಯಾರು ಎಂದು ನೆನಪಿಲ್ಲ. ಒಣ ನಂಗಿನ ತುಂಡುಗಳನ್ನು ಹಳೆಯ ಪಂಚೆಯ ಚೂರಿನಲ್ಲಿ ಕಟ್ಟಿ ತೊಂಡೆ ಚಪ್ಪರದ ನಾಲ್ಕು ಮೂಲೆಗೆ ನೇತುಹಾಕಿದೆ. ಬಾವಲಿಗೆ, ಹಂದಿಗೆ ಅದು ಆಗುತ್ತದೆ ಎಂದು ಹೇಳುವವರಿದ್ದಾರೆ. ಕಾಗೆ ಮಾತ್ರ ಮೊದಲ ದಿನ ಗಂಟನ್ನು ದೂರದಿಂದ ನೋಡಿತು. ಎರಡನೆಯ ದಿನ ಕಾಲಲ್ಲಿ ಒತ್ತಿ ಹಿಡಿದು ಕೊಕ್ಕಿನಿಂದ ನೂಲು ಎಳೆಯಿತು. ಮೂರನೆಯ ದಿನಕ್ಕೆ ನಾಲ್ಕೂ ಗಂಟು ಬಿಚ್ಚಿತ್ತು, ಚಪ್ಪರದ ಕೆಳಗೆ ಪಂಚೆಯ ಚೂರುಗಳು ಬಿದ್ದಿದ್ದವು, ಎಳೆಯ ಬಳ್ಳಿ ಎರಡು ಕಡೆ ಮುರಿದಿತ್ತು.

ಮಲ್ಪೆಯಿಂದ ಮೀನು ತರುವ ಅಕ್ಕ ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಬರುತ್ತಾರೆ. ಮಧ್ಯಾಹ್ನ ವಾಪಸು ಹೋಗುವಾಗ ನಮ್ಮ ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆದು, ಒಂದು ಲೋಟ ಮಜ್ಜಿಗೆ ಕುಡಿದು ಬಸ್ಸಿಗೆ ಹೋಗುವುದು ಅವರ ರೂಢಿ. ಅವತ್ತು ಚಪ್ಪರದ ಅವಸ್ಥೆ ನೋಡಿ ಅವರು ನಗಲಿಲ್ಲ. ಬುಟ್ಟಿಗೆ ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದವರು ಕೈ ನಿಲ್ಲಿಸಿ, "ಅಮ್ಮಾ, ಕಾಗೆಗೆ ಮೂಗು ಎಲ್ಲಿ ಉಂಟು? ಅದಕ್ಕೆ ಇರುವುದು ಕಣ್ಣು" ಎಂದರು. ಮೂರು ಸಲ ನೀರು ಹೊಯ್ದು ಬುಟ್ಟಿಯನ್ನು ನನ್ನ ಮುಖದ ಹತ್ತಿರ ತಂದರು. ಹಸಿ ಬೆತ್ತದ, ಬೂದಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. "ಈಗ ನೋಡಿ" ಎಂದು ಬುಟ್ಟಿಯನ್ನು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು ನನ್ನನ್ನು ಕರೆದುಕೊಂಡು ಜಗಲಿಗೆ ಬಂದರು. ಮಜ್ಜಿಗೆ ಲೋಟ ಖಾಲಿಯಾಗುವುದರೊಳಗೆ ಕಂಪೌಂಡಿನ ಮೇಲೆ ಎರಡು ಕಾಗೆ, ಕಟ್ಟೆಯ ಮೇಲೆ ಒಂದು. ಬುಟ್ಟಿಯ ಅಂಚಿನ ಮೇಲೆ ಕೂತು ಒಳಗೆ ಇಣುಕಿ, ಕತ್ತು ವಾಲಿಸಿ, ಮತ್ತೆ ಇಣುಕಿತು. "ನಾನು ಬುಟ್ಟಿ ಇಲ್ಲದೆ ಒಳ್ಳೆ ಸೀರೆ ಉಟ್ಟು ಮಠಕ್ಕೆ ಹೋಗುವಾಗಲೂ ನಾಲ್ಕು ಮನೆ ತನಕ ಹಿಂದೆ ಬರ್ತದೆ. ನನ್ನ ಮುಖ ಗೊತ್ತುಂಟು ಅದಕ್ಕೆ" ಎಂದರು.

ಅವರು ಹೇಳಿದ ಕೊನೆಯ ಮಾತಿಗೆ ಸಾಕ್ಷಿ ಸಾಗರದಾಚೆ ಇದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಎಂಬವರು ಮುಖವಾಡ ಹಾಕಿಕೊಂಡು ಕಾಗೆಗಳನ್ನು ಹಿಡಿದು ಬಿಟ್ಟಿದ್ದರು. ಅದೇ ಮುಖವಾಡ ಧರಿಸಿ ಯಾರು ಹಾದುಹೋದರೂ ಕಾಗೆಗಳು ವರ್ಷಗಟ್ಟಲೆ ಗುರುತು ಹಿಡಿದು ಕಿರುಚಾಡಿದವು. ಕಾಗೆ ಲೋಕವನ್ನು ತಿಳಿಯುವುದು ಮುಖ್ಯವಾಗಿ ಕಣ್ಣಿನಿಂದ. ಮಿದುಳಿನಲ್ಲಿ ವಾಸನೆಗೆ ಮೀಸಲಾದ ಭಾಗ ಅದಕ್ಕೆ ತೀರಾ ಸಣ್ಣದು.

ಹಾಗೆಂದು ಹಕ್ಕಿಗಳಿಗೆ ಮೂಗೇ ಇಲ್ಲ ಅನ್ನುವುದೂ ತಪ್ಪು. ಆ ತಪ್ಪನ್ನು ಜಗತ್ತು ಬಹಳ ಕಾಲ ನಂಬಿತ್ತು. 1826ರಲ್ಲಿ ಹಕ್ಕಿಗಳ ಚಿತ್ರಕಾರ ಆಡುಬಾನ್ ಎಡಿನ್‌ಬರೋದಲ್ಲಿ ಒಂದು ಪ್ರಬಂಧ ಓದಿದ. ಹುಲ್ಲು ತುಂಬಿದ ಜಿಂಕೆ ಚರ್ಮವನ್ನು ಬಯಲಲ್ಲಿ ಇಟ್ಟರೆ ರಣಹದ್ದು ಬಂದು ಕುಕ್ಕಿತು, ಕೊಳೆತ ಹಂದಿಯನ್ನು ಮುಚ್ಚಿಟ್ಟರೆ ಹತ್ತಿರವೂ ಸುಳಿಯಲಿಲ್ಲ, ಆದ್ದರಿಂದ ರಣಹದ್ದಿಗೆ ವಾಸನೆ ತಿಳಿಯುವುದಿಲ್ಲ ಎಂದು ಅವನ ವಾದ. ನೂರು ವರ್ಷ ದಾಟಿದ ಮೇಲೆ ಕ್ಯಾಲಿಫೋರ್ನಿಯಾದ ತೈಲ ಕಂಪನಿಯ ಎಂಜಿನಿಯರುಗಳು ಬೇರೆಯೇ ಒಂದು ಸಂಗತಿ ಹೇಳಿದರು. ಗ್ಯಾಸ್ ಪೈಪು ಎಲ್ಲಿ ಸೋರುತ್ತದೋ ಅಲ್ಲಿ ಆಕಾಶದಲ್ಲಿ ಟರ್ಕಿ ರಣಹದ್ದು ಎಂಬ ಅಲ್ಲಿನ ಹಕ್ಕಿಗಳು ಸುತ್ತು ಹಾಕುತ್ತವೆ! ಸೋರಿಕೆ ತಿಳಿಯಲಿ ಎಂದು ಗ್ಯಾಸಿಗೆ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಕೊಳೆತ ದೇಹದಿಂದಲೂ ಹೊರಡುವ ವಸ್ತು. ನಮ್ಮ ಅಡುಗೆಮನೆಯ ಸಿಲಿಂಡರಿಗೆ ಆ ನಾತ ಕೊಡುವುದೂ ಅದೇ. ಇದನ್ನು ಹಿಡಿದು ಕೆನೆತ್ ಸ್ಟೇಗರ್ ಎಂಬವರು ಪರೀಕ್ಷೆ ನಡೆಸಿ 1964ರಲ್ಲಿ ಪ್ರಕಟಿಸಿದ ಮೇಲೆ, ಟರ್ಕಿ ರಣಹದ್ದು ದೂರದಿಂದ ವಾಸನೆ ಹಿಡಿದೇ ಬರುತ್ತದೆ ಎಂಬುದು ಖಚಿತವಾಯಿತು. ನ್ಯೂಜಿಲೆಂಡಿನ ಕಿವಿ ಹಕ್ಕಿಗೆ ಮೂಗಿನ ಹೊಳ್ಳೆ ಇರುವುದೇ ಕೊಕ್ಕಿನ ತುದಿಯಲ್ಲಿ, ಮಣ್ಣಿಗೆ ಚುಚ್ಚಿ ಮೂಸಿ ಹುಳ ಹುಡುಕುತ್ತದೆ. ಒಂದೊಂದು ಹಕ್ಕಿಗೆ ಒಂದೊಂದು ಮೂಗು. ಆದರೆ ಮೂಗು ಇದೆ ಅಂದ ಮಾತ್ರಕ್ಕೆ ನಮಗೆ ಹೇಸಿಗೆಯಾದದ್ದು ಅದಕ್ಕೂ ಹೇಸಿಗೆ ಆಗಬೇಕೆಂದಿಲ್ಲ. ಟರ್ಕಿ ರಣಹದ್ದಿಗೆ ಕೊಳೆತ ನಾತ ಅಂದರೆ ಊಟಕ್ಕೆ ಕರೆದ ಹಾಗೆ.

ಗಾಂಧಾರಿ ಗಿಡದ ಮುಂದೆ ಒಂದು ಮಧ್ಯಾಹ್ನ

ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನಮ್ಮದೊಂದು ಗಾಂಧಾರಿ ಮೆಣಸಿನ ಗಿಡ ಇದೆ. ಬೇರೆ ಮೆಣಸಿನ ಹಾಗೆ ಇದರ ಕಾಯಿ ತಲೆ ತಗ್ಗಿಸುವುದಿಲ್ಲ, ಎಲೆಗಳ ಮೇಲೆ ಎದ್ದು ಆಕಾಶ ನೋಡುತ್ತ ನಿಲ್ಲುತ್ತದೆ. ಕಿರುಬೆರಳಿನ ಉಗುರಿಗಿಂತ ಚೂರು ಉದ್ದ. ಹಸಿರಿದ್ದಾಗ ಕಣ್ಣಿಗೆ ಬೀಳುವುದಿಲ್ಲ, ಹಣ್ಣಾಯಿತೆಂದರೆ ಗಿಡಕ್ಕೆ ಕುಂಕುಮ ಎರಚಿದ ಹಾಗೆ. ಕಷಾಯ ಕುದಿಸಿ ಸೋತ ವಾರವೇ ಒಂದು ಮಧ್ಯಾಹ್ನ ಅಲ್ಲಿ ಕೂತಿದ್ದೆ. ಕೆಂಪು ಮೀಸೆಯ ಪಿಕಳಾರ ಬಂತು. ಕೊಂಬೆ ಬಾಗಿತು. ಅದು ಕಾಲು ಬಿಗಿಹಿಡಿದು, ಜುಟ್ಟು ನಿಮಿರಿಸಿ, ಹಣ್ಣೊಂದನ್ನು ಬದಿಯಿಂದ ಹಿಡಿದು ಸಣ್ಣಗೆ ತಿರುಚಿತು. ತೊಟ್ಟು ಗಿಡದಲ್ಲೇ ಉಳಿಯಿತು, ಹಣ್ಣು ಮಾತ್ರ ಕಳಚಿ ಬಂತು. ಕೊಕ್ಕಿನಲ್ಲಿ ಎರಡು ಸಲ ಹೊರಳಿಸಿ, ತಲೆ ಹಿಂದಕ್ಕೆ ಎತ್ತಿ, ಇಡಿಯಾಗಿ ನುಂಗಿತು. ಕೊಕ್ಕನ್ನು ಕೊಂಬೆಗೆ ಆಚೆ ಈಚೆ ಒರೆಸಿಕೊಂಡು ಇನ್ನೊಂದು ತೆಗೆಯಿತು. ನಾನು ಎಣಿಸಿದೆ, ಒಂಬತ್ತು ಹಣ್ಣು. ಅದೇ ಗಿಡದ ಎರಡು ಕಾಯಿ ಅರೆದರೆ ನಮ್ಮ ಮನೆಯ ಮೂರು ಜನರ ಗೊಜ್ಜಿಗೆ ಸಾಕು. ಅಂಥದ್ದನ್ನು ಒಂಬತ್ತು ತಿಂದು ಆ ಹಕ್ಕಿ ನೀರು ಕೂಡ ಕುಡಿಯದೆ ಹಾರಿಹೋಯಿತು.

ನಾನು ಯಾವುದನ್ನು ಬಾಣವೆಂದು ಬಿಟ್ಟಿದ್ದೆನೋ ಅದು ಅದರ ಬಾಳೆಹಣ್ಣು. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ಬಾಯಿಯಲ್ಲಿ, ಕಣ್ಣಿನಲ್ಲಿ, ಗಂಟಲಿನಲ್ಲಿ ಇರುವ ಒಂದು ಬಾಗಿಲನ್ನು ತಟ್ಟುತ್ತದೆ. ಟಿಆರ್‌ಪಿವಿ1 ಎಂದು ಅದರ ಹೆಸರು. ಬಿಸಿ ತಾಗಿದಾಗ ತೆರೆಯಬೇಕಾದ ಬಾಗಿಲು ಅದು. ಮೆಣಸು ಅದನ್ನು ತೆರೆದಾಗ ಮಿದುಳಿಗೆ ಹೋಗುವ ಸುದ್ದಿ ಒಂದೇ: ಸುಡುತ್ತಿದೆ. ಈ ಬಾಗಿಲನ್ನು ಹುಡುಕಿ ಕೊಟ್ಟ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅವರೇ ಸಹೋದ್ಯೋಗಿಯೊಬ್ಬರ ಜೊತೆ 2002ರಲ್ಲಿ ಕೋಳಿಯ ಬಾಗಿಲನ್ನು ಪರೀಕ್ಷಿಸಿದಾಗ, ಬಿಸಿಗೆ ಅದು ತೆರೆಯುತ್ತದೆ, ಕ್ಯಾಪ್ಸೈಸಿನ್ನಿಗೆ ಮಾತ್ರ ಅಲುಗುವುದಿಲ್ಲ ಎಂದು ಗೊತ್ತಾಯಿತು. ಅದಕ್ಕೂ ಒಂದು ವರ್ಷ ಮೊದಲು ಟ್ಯೂಕ್ಸ್‌ಬರಿ ಮತ್ತು ನಭಾನ್ ಎಂಬಿಬ್ಬರು ಅಮೆರಿಕದ ಅರಿಜೋನಾದಲ್ಲಿ ಕಾಡುಮೆಣಸಿನ ಗಿಡಗಳ ಮುಂದೆ ಕಾದು ಕೂತು ಇದರ ಇನ್ನೊಂದು ಮುಖ ಕಂಡಿದ್ದರು. ಇಲಿ ಜಾತಿಯ ಪ್ರಾಣಿ ಮೆಣಸು ತಿಂದರೆ ಹಲ್ಲಿನಲ್ಲಿ ಬೀಜ ಅರೆದು ಹಾಳಾಗುತ್ತದೆ. ಹಕ್ಕಿಗೆ ಹಲ್ಲಿಲ್ಲ, ಬೀಜ ಹಾಗೇ ಹೊರಗೆ ಬಂದು ಮೊಳೆಯುತ್ತದೆ. ಖಾರ ಎಂಬುದು ಗಿಡ ತನ್ನ ಹಣ್ಣಿಗೆ ಹಾಕಿದ ಬೇಲಿ, ಅದು ನಮ್ಮಂಥ ಹಲ್ಲಿನವರನ್ನು ತಡೆಯುತ್ತದೆ, ಹಕ್ಕಿಗಳನ್ನು ಒಳಗೆ ಬಿಡುತ್ತದೆ. ಹಕ್ಕಿಗೆಂದು ಇಟ್ಟ ಕಾಳಿಗೆ ಮೆಣಸಿನಪುಡಿ ಬೆರೆಸಿ ಅಳಿಲನ್ನು ದೂರ ಇಡುವುದು ಪರದೇಶಗಳಲ್ಲಿ ಸಾಮಾನ್ಯ ಉಪಾಯ. ಅದೇ ಮೆಣಸಿನಿಂದ ನಾನು ಹಕ್ಕಿಯನ್ನು ಓಡಿಸಲು ಹೊರಟಿದ್ದೆ, ಅಮ್ಮನ ಗಂಟಲಿನ ಬಾಗಿಲು ತೆರೆದೆ.

ವಾಸನೆ ಬೇರೆ, ಘಾಟು ಬೇರೆ

ಇದನ್ನು ಯೋಚಿಸುವಾಗ ನನಗೆ ನಮ್ಮ ಭಾಷೆಯೇ ದಾರಿ ತೋರಿಸಿತು. ಪರಿಮಳ, ವಾಸನೆ, ನಾತ ಎಂಬ ಮಾತುಗಳ ಪಕ್ಕದಲ್ಲಿ ನಾವು ಘಾಟು ಎಂದು ಇನ್ನೊಂದನ್ನು ಇಟ್ಟುಕೊಂಡಿದ್ದೇವೆ. ಒಗ್ಗರಣೆಯ ಘಾಟು, ಹೊಗೆಸೊಪ್ಪಿನ ಘಾಟು. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ತರಿಸುವುದು ವಾಸನೆಯಲ್ಲ, ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿದ್ದರೂ ಅದು ಉರಿಸುತ್ತದೆ. ವಾಸನೆಗೆ ಒಂದು ನರ, ಘಾಟಿಗೆ ಬೇರೆಯೇ ನರ. ಮುಖದ ಚರ್ಮ, ಕಣ್ಣು, ಮೂಗಿನ ಒಳಭಾಗ, ಬಾಯಿ ಎಲ್ಲದರಿಂದ ಉರಿ, ನೋವು, ತಂಪಿನ ಸುದ್ದಿ ಒಯ್ಯುವ ಟ್ರೈಜೆಮಿನಲ್ ನರ ಅದು. ಹಕ್ಕಿಗೂ ಆ ನರ ಇದೆ. ಅದಕ್ಕೂ ಘಾಟು ಇದೆ. ಆದರೆ ಅದರ ಘಾಟು ನಮ್ಮದಲ್ಲ.

ಹಕ್ಕಿಯ ಘಾಟು ಯಾವುದು ಎಂದು ಹುಡುಕುತ್ತ ಹೋದಾಗ ಸಿಕ್ಕ ಉತ್ತರ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮೀಥೈಲ್ ಆಂಥ್ರನಿಲೇಟ್. ಅಮೆರಿಕದ ಕಾನ್ಕಾರ್ಡ್ ದ್ರಾಕ್ಷಿಗೆ ಅದರ ವಿಶೇಷ ಪರಿಮಳ ಕೊಡುವ ವಸ್ತು. ದ್ರಾಕ್ಷಿ ರುಚಿಯ ಚೂಯಿಂಗ್ ಗಮ್, ನೇರಳೆ ಬಣ್ಣದ ಮಿಠಾಯಿ ಬಾಯಿಗೆ ಹಾಕಿದ ಕೂಡಲೇ ಬರುತ್ತದಲ್ಲ, ಆ ಪರಿಮಳ. ಚಿಕ್ಕಬಳ್ಳಾಪುರದ ಕಡೆಯಿಂದ ನಮ್ಮ ಸಂತೆಗೆ ಬರುವ ದಪ್ಪ ಸಿಪ್ಪೆಯ ಬೆಂಗಳೂರು ನೀಲಿ ದ್ರಾಕ್ಷಿ ಕೂಡ ಆ ಅಮೆರಿಕದ ಜಾತಿಯ ಬಳಗಕ್ಕೇ ಸೇರಿದ್ದು. ನಾವು ಇಷ್ಟಪಟ್ಟು ತಿನ್ನುವ ಈ ವಸ್ತು ಹಕ್ಕಿಯ ಕೊಕ್ಕು, ಕಣ್ಣು, ಮೂಗಿಗೆ ತಾಗಿದರೆ ನಮಗೆ ಮೆಣಸಿನ ಹೊಗೆ ತಾಗಿದ ಹಾಗೆ ಉರಿಸುತ್ತದೆ. ಮೋರ್ಲಿ ಕೇರ್ ಎಂಬ ವಿಜ್ಞಾನಿ 1961ರಲ್ಲೇ ಹಕ್ಕಿ ತಡೆಯುವ ವಸ್ತುವೆಂದು ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಅಲ್ಲಿ ಹುಲ್ಲುಹಾಸಿನ ಮೇಲೆ ಮೇಯಲು ಬರುವ ಕೆನಡಾ ಬಾತುಗಳಿಗೆ, ಚೆರ್ರಿ, ಬ್ಲೂಬೆರಿ ತೋಟಗಳಿಗೆ, ವಿಮಾನ ನಿಲ್ದಾಣಗಳಿಗೆ ಇದನ್ನೇ ಬಳಸುತ್ತಾರೆ. ಮೆಣಸಿಗೆ ಪೂರ್ತಿ ತಿರುಗುಮುರುಗು ನೋಡಿ. ಒಂದು ನಮ್ಮನ್ನು ಸುಡುತ್ತದೆ, ಹಕ್ಕಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಹಕ್ಕಿಯನ್ನು ಸುಡುತ್ತದೆ, ನಮಗೆ ಸಿಹಿ.

ಇದೇ ವಸ್ತು ಮಲ್ಲಿಗೆಯ ಪರಿಮಳದಲ್ಲೂ ಇದೆ. ಮಲ್ಲಿಗೆಗೆ ಹೆಸರಾದ ಶಂಕರಪುರದ ಪಕ್ಕದಲ್ಲಿ ಹುಟ್ಟಿ ಬೆಳೆದವಳಿಗೆ ಈ ಸಾಲು ಓದಿ ಹೇಗಾಗಿರಬೇಡ! ಎಂಟು ನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವನ್ನು ಶಾಲೆಯ ಮಗ್ಗಿಗಿಂತ ಮೊದಲು ಕಲಿತವಳು ನಾನು. ಕಣ್ಣು ಬಿಡುವ ಮೊದಲೇ ಮೊಗ್ಗು ಕೊಯ್ಯಲು ಅಜ್ಜಿಯ ಹಿಂದೆ ಹೋದವಳು. ಹಾಗಾದರೆ ತರಕಾರಿಯ ಸುತ್ತ ಮಲ್ಲಿಗೆ ನೆಟ್ಟರೆ ಸಾಕೇ ಎಂದು ಒಂದು ಕ್ಷಣ ಆಸೆಯಾಯಿತು. ಆದರೆ ಅಜ್ಜಿಯ ಮಲ್ಲಿಗೆ ಪೊದೆಯಲ್ಲೇ ಪಿಕಳಾರ ಗೂಡು ಕಟ್ಟುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕೊಯ್ಯುವಾಗ ಆ ಪೊದೆ ಬಂದರೆ ಅಜ್ಜಿ ಹೆಜ್ಜೆ ನಿಧಾನ ಮಾಡುತ್ತಿದ್ದಳು. ಗೂಡಿನ ಪಕ್ಕದ ಒಂದು ಗೇಣಿನಷ್ಟು ಮೊಗ್ಗು ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದಳು, ಅವು ಹಗಲಲ್ಲಿ ಅರಳಿ ಬಿಳಿ ಮಚ್ಚೆಯ ಹಾಗೆ ಕಾಣುತ್ತಿದ್ದವು. ಹೂವಿನಲ್ಲಿ ಇರುವುದು ಅತ್ಯಲ್ಪ, ಗಾಳಿಗೆ ಬೆರೆತು ಹೋಗುವಷ್ಟು. ಹಕ್ಕಿಗೆ ಉರಿ ಹತ್ತಬೇಕಾದರೆ ಗಟ್ಟಿ ದ್ರಾವಣ ಎಲೆಗೆ ಅಂಟಿರಬೇಕು. ವಾಸನೆ ಬಂದ ಮಾತ್ರಕ್ಕೆ ಆಗದು, ತಾಗಬೇಕು.

ಪರಿಮಳದಿಂದ ಹಕ್ಕಿ ಓಡಿಸುವುದು ಎಂದು ನಾವು ಕರೆಯುವ ಉಪಾಯ ಎಲ್ಲಿ ನಿಜವಾಗಿ ಕೆಲಸ ಮಾಡುತ್ತದೋ ಅಲ್ಲಿ ಅದು ಪರಿಮಳವಾಗಿ ಕೆಲಸ ಮಾಡುತ್ತಿಲ್ಲ, ನೋವಾಗಿ ಕೆಲಸ ಮಾಡುತ್ತಿದೆ. ನಮಗೆ ಪರಿಮಳ ಬರುತ್ತದೆ ಎಂಬ ಕಾರಣಕ್ಕೆ ಅದು ಸೌಮ್ಯ ಅನ್ನಿಸುತ್ತದೆ ಅಷ್ಟೆ. ರಾತ್ರಿಯಿಡೀ ಕೆಮ್ಮಿದ ಅಮ್ಮನನ್ನು ಕಂಡ ಮೇಲೆ ಆ ನಾಲ್ಕು ಮರಿಗಳ ಕಣ್ಣಿಗೆ ಅಂಥದ್ದೇ ಒಂದನ್ನು ಎರಚಲು ನನಗೆ ಮನಸ್ಸು ಬರಲಿಲ್ಲ. ಶಾಶ್ವತ ಗಾಯ ಆಗುವುದಿಲ್ಲ ಎಂದು ಓದಿದ್ದೇನೆ, ವಿಷಕ್ಕಿಂತ ಇದು ಎಷ್ಟೋ ಪಾಲು ಮೇಲು ಎಂಬುದನ್ನೂ ಒಪ್ಪುತ್ತೇನೆ. ಎಕರೆಗಟ್ಟಲೆ ಹಣ್ಣಿನ ತೋಟ ಇಟ್ಟುಕೊಂಡು ಸಾಲ ತೀರಿಸಬೇಕಾದವರ ಲೆಕ್ಕ ಬೇರೆ, ವಿಮಾನದ ಎಂಜಿನ್ನಿಗೆ ಹಕ್ಕಿ ಸಿಗುವ ಜಾಗದ ಲೆಕ್ಕ ಬೇರೆ. ಹತ್ತು ಸೆಂಟ್ಸಿನ ಹರಿವೆಗೆ ಅದು ಬೇಕೇ ಅನ್ನುವುದು ನನ್ನ ಪ್ರಶ್ನೆ. ಮೇಲಾಗಿ ಅದು ಬಿಸಿಲಿಗೆ ಒಡೆಯುತ್ತದೆ, ಗಾಳಿಗೆ ಹಾರುತ್ತದೆ, ಮಳೆಗೆ ತೊಳೆದುಹೋಗುತ್ತದೆ, ಹೆಚ್ಚಾದರೆ ಎಲೆಯನ್ನೇ ಸುಡುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಎಲೆಗೆ ಹೊಡೆದ ಯಾವುದೂ ಎಷ್ಟು ದಿನ ಉಳಿದೀತು?

ಹುಲ್ಲುಹಾಸಿನ ವಿಷಯಕ್ಕೆ ಬಂದರೆ ನನ್ನ ಚಿಕ್ಕಮ್ಮನ ಮಗ ಹೇಳಿದ್ದನ್ನು ಹೇಳಬೇಕು. ಮಣಿಪಾಲದ ಕಡೆ ಹುಲ್ಲುಹಾಸು ನೋಡಿಕೊಳ್ಳುವ ಕಂಟ್ರಾಕ್ಟ್ ಅವನದು. ಹುಲ್ಲು ಕತ್ತರಿಸಿದ ದಿನ ಗೋವಕ್ಕಿ, ಗೊರವಂಕ, ಟಿಟ್ಟಿಭ ಸಾಲಾಗಿ ಬರುತ್ತವೆ, ಓಡಿಸಲು ಏನಾದರೂ ಸಿಂಪಡಿಸು ಎಂದು ಯಜಮಾನರು ಹೇಳುತ್ತಾರಂತೆ. "ಅಕ್ಕ, ಹಕ್ಕಿ ಒಂದೇ ಕಡೆ ಕುಕ್ಕಿ ಕುಕ್ಕಿ ಹುಲ್ಲು ಎಬ್ಬಿಸ್ತದೆ ಅಂದ್ರೆ ನಾನು ಅಲ್ಲಿ ಅಗೆದು ನೋಡ್ತೇನೆ. ಬೇರುಹುಳ ಇದ್ದೇ ಇರ್ತದೆ" ಎಂದ. ಅಡಿಕೆ ತೋಟದವರಿಗೆ ನಿದ್ದೆ ಕೆಡಿಸುವ ಬೇರುಹುಳದ ಕುಲವೇ ಅದು. ಹುಳ ಇರುವವರೆಗೆ ಹಕ್ಕಿ ಬರುತ್ತದೆ, ಹುಳ ಮುಗಿದ ಮೇಲೆ ಯಾವ ಪರಿಮಳವೂ ಬೇಕಾಗಿಲ್ಲ.

ಮಡಲು

ಅಜ್ಜಿಗೆ ಈ ಯಾವ ರಗಳೆಯೂ ಇರಲಿಲ್ಲ. ಹರಿವೆ ಹಾಕುವ ದಿನ ಅವಳು ಮೊದಲು ಸುಡುಮಣ್ಣು ಹರಡುತ್ತಿದ್ದಳು. ಸಾಸಿವೆಗಿಂತ ಸಣ್ಣ ಆ ಕಪ್ಪು ಬೀಜಕ್ಕೆ ಒಲೆಯ ಬೂದಿ ಬೆರೆಸಿ, ಅಂಗೈಯಲ್ಲಿ ತೆಗೆದುಕೊಂಡು, ದೇವರಿಗೆ ಅಕ್ಷತೆ ಹಾಕಿದ ಹಾಗೆ ಎರಚುತ್ತಿದ್ದಳು. ಬೂದಿ ಹಕ್ಕಿಗಲ್ಲ, ಇರುವೆಗೆ. ಹಕ್ಕಿಗೆ ಇದ್ದದ್ದು ಮಡಲು. ಮಧ್ಯದ ದಂಟು ಸೀಳಿದ ಹಸಿ ತೆಂಗಿನ ಮಡಲನ್ನು ಸಾಲಿನ ಉದ್ದಕ್ಕೂ ಕವುಚಿ ಹಾಕಿ, ಮೇಲೆ ಅಲ್ಲಲ್ಲಿ ಬಿದಿರಿನ ಮುಳ್ಳು ಇಡುತ್ತಿದ್ದಳು. ಗರಿಗಳ ಸಂದಿಯಿಂದ ಬಿಸಿಲು ಗೆರೆ ಗೆರೆಯಾಗಿ ಬೀಳುತ್ತದೆ, ನೀರು ಹಾಕಿದರೆ ಬೀಜ ಕೊಚ್ಚಿ ಹೋಗುವುದಿಲ್ಲ, ಕೋಳಿಗೆ ಕೆದರಲು ಮಣ್ಣು ಸಿಗುವುದಿಲ್ಲ. ಮೊಳಕೆ ಗರಿಯನ್ನು ಮುಟ್ಟಿದ ದಿನ ಮಡಲು ಎತ್ತಿ, ನಾಲ್ಕು ಕೋಲು ನೆಟ್ಟು, ಒಂದು ಮೊಳ ಎತ್ತರಕ್ಕೆ ಅದನ್ನೇ ಮಾಡು ಮಾಡುತ್ತಿದ್ದಳು. "ಅದಕ್ಕೆ ಕಾಣಬಾರದು, ಅಷ್ಟೇ" ಎನ್ನುತ್ತಿದ್ದಳು. ಮೀನಿನ ಅಕ್ಕ ಹೇಳಿದ್ದೂ ಅದನ್ನೇ ಅಲ್ಲವೇ? ಗದ್ದೆಗೆ ಬೆರ್ಚಪ್ಪ ನಿಲ್ಲಿಸಿದರೂ ಎರಡು ದಿನಕ್ಕೊಮ್ಮೆ ಅಜ್ಜನ ಅಂಗಿ ಬದಲಿಸಿ, ಜಾಗ ಬದಲಿಸಿ ನಿಲ್ಲಿಸುತ್ತಿದ್ದಳು. ಒಂದೇ ಕಡೆ ಬಿಟ್ಟರೆ ನಾಲ್ಕನೆಯ ದಿನ ಕಾಗೆ ಅದರ ತಲೆಯ ಮೇಲೆಯೇ ಕೂರುತ್ತದೆ.

ಅಲಸಂಡೆಗೆ ಮಡಲು ಸಾಲದು, ಅದು ಬೇಗ ಎತ್ತರ ಹೋಗುತ್ತದೆ. ಅದಕ್ಕೆ ಅಮ್ಮನ ಹಳೆಯ ಕಾಟನ್ ಸೀರೆಗಳನ್ನು ಸಾಲಿನ ಸುತ್ತ ಎದೆಯೆತ್ತರಕ್ಕೆ ಕಟ್ಟಿದೆ. ನವಿಲು ಒಳಗೆ ಏನಿದೆ ಎಂದು ಕಾಣದ ಕಡೆ ಇಳಿಯಲು ಹಿಂಜರಿಯುತ್ತದೆ ಎಂದು ಹಲವರು ಹೇಳಿದ್ದರು. ನನ್ನ ಹಿತ್ತಿಲಲ್ಲಿ ಮೂರು ವಾರ ಅದು ಹೊರಗೇ ಸುತ್ತಿತು, ಅಷ್ಟರಲ್ಲಿ ಬಳ್ಳಿ ಚಪ್ಪರ ಹತ್ತಿತು. ಕುಡಿ ಒಮ್ಮೆ ತಲೆಗಿಂತ ಮೇಲೆ ಹೋದರೆ ನವಿಲಿನ ಭಯವಿಲ್ಲ, ಆಮೇಲೆ ಪಿಕಳಾರದ ಪಾಲು. ಅದು ಹೂವಿನಲ್ಲಿ ಹತ್ತಕ್ಕೆ ಒಂದು ಕೀಳುತ್ತದೆ, ನಾನು ಬಿಟ್ಟಿದ್ದೇನೆ. ಬಲೆ ಹಾಕುವವರಿಗೆ ಒಂದೇ ಮಾತು: ಸಡಿಲ ಬಿಡಬೇಡಿ, ತೆಳು ಪ್ಲಾಸ್ಟಿಕ್ ಬಲೆಗೆ ಕಾಲು ಸಿಕ್ಕಿದ ಹಕ್ಕಿಯನ್ನು ಕತ್ತರಿಯಲ್ಲಿ ಬಿಡಿಸಿದ ಅನುಭವ ನನಗಾಗಿದೆ. ಬಿಗಿಯಾಗಿ ಎಳೆದು ಕಟ್ಟಿ, ದಿನಕ್ಕೆರಡು ಸಲ ಹೋಗಿ ನೋಡಿ.

ಮೊನ್ನೆ ಅಮ್ಮ ಗೋಡೆ ಹಿಡಿದುಕೊಂಡು ಬಾವಿಕಟ್ಟೆಯವರೆಗೆ ನಡೆದು ಬಂದಳು. ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಬಗ್ಗಿ, "ಇದನ್ನು ಯಾವಾಗ ನೆಟ್ಟೆ?" ಎಂದು ಕೇಳಿದಳು. ನಾಲ್ಕೆಲೆಯ ಗಾಂಧಾರಿ ಸಸಿ. ನಾನು ನೆಟ್ಟದ್ದಲ್ಲ. ಹಗ್ಗದ ಮೇಲೆ ಪಿಕಳಾರ ಕೂರುವ ಜಾಗಕ್ಕೆ ನೇರ ಕೆಳಗೆ ಇತ್ತು ಅದು, ಪಕ್ಕದಲ್ಲಿ ಬಸಳೆ ಹಣ್ಣು ತಿಂದ ನೇರಳೆ ಕಲೆ ಇನ್ನೂ ಒಣಗಿರಲಿಲ್ಲ. ಅಮ್ಮ ಕಾಲಿನಿಂದ ಅದರ ಬುಡಕ್ಕೆ ಒಂದಿಷ್ಟು ಮಣ್ಣು ಸರಿಸಿದಳು. ನಾಳೆ ಎರಡನೆಯ ಸಲದ ಹರಿವೆ ಹಾಕಬೇಕು. ಮಡಲು ಸೀಳಿ ಇಟ್ಟಾಗಿದೆ.